ಕಾಲರಿಗೆ ಎರಡು ಬೆರಳು

ಅಪ್ಪನ ಅಂಗಿಯನ್ನ ನಾನು ಮೊದಲನೇ ಸಲ ಹಿಡಿದಿದ್ದು ಅವನು ಎರಡನೇ ಡ್ರಿಪ್ಪು ಹಾಕಿಸ್ಕೊಂಡು ಬಂದ ವಾರ. ಹಿಡಿಯೋದು ಅಂದ್ರೆ ನಮ್ಮ ಕಸುಬಿನಲ್ಲಿ ದೊಡ್ಡ ವಿದ್ಯೆ ಏನಲ್ಲ, ಬಟ್ಟೆಯ ಅಗಲ ಕಮ್ಮಿ ಮಾಡೋದು. ಪಕ್ಕದ ಹೊಲಿಗೆಯಿಂದ ಅರ್ಧ ಇಂಚು ಒಳಗೆ ಇನ್ನೊಂದು ಹೊಲಿಗೆ ಹಾಕಿದ್ರೆ ದೊಗಲೆ ಅಂಗಿ ಮೈಗೆ ಕೂರುತ್ತೆ. ಐದು ನಿಮಿಷದ ಕೆಲಸ. ಆ ಐದು ನಿಮಿಷದ ಕೆಲಸಕ್ಕೆ ಇವತ್ತಿಗೂ ನನ್ನ ಕೈಗೆ ನಾನೇ ಶಾಪ ಹಾಕ್ತೀನಿ.

ನಮ್ಮದು ಮೂರು ಜನ ಕೂತು ಕೆಲಸ ಮಾಡೋ ದರ್ಜಿ ಅಂಗಡಿ. ಮುಂದೆ ಅಂಗಡಿ, ನಡುವೆ ಒಂದು ಪರದೆ, ಪರದೆ ಹಿಂದೆ ಮನೆ. ಅಪ್ಪ ಕತ್ತರಿಸ್ತಾನೆ, ನಾನು ಹೊಲೀತೀನಿ, ಅಮ್ಮ ಕಾಜಾ ತೆಗೆದು ಗುಂಡಿ ಹಾಕ್ತಾಳೆ. ತಮ್ಮ ಒಬ್ಬ ಮಾತ್ರ ಸೂಜಿಗೆ ಹೆದರಿ ಬಸ್ಸು ಓಡಿಸೋಕೆ ಹೋದ. ಅಪ್ಪನದು ಮೂವತ್ತೈದು ವರ್ಷದಿಂದ ಒಂದೇ ಮಾತು, ಅಂಗಿ ಸರಿಯಾಗಿದೆಯೋ ಇಲ್ವೋ ಅಂತ ಕನ್ನಡಿ ನೋಡಿ ಹೇಳಬಾರದು, ಕಾಲರಿನೊಳಗೆ ಬೆರಳು ಹಾಕಿ ಹೇಳಬೇಕು. ಮೇಲಿನ ಗುಂಡಿ ಹಾಕಿದ ಮೇಲೆ ಸರಿಯಾಗಿ ಎರಡು ಬೆರಳು ಹಿಡಿಯಬೇಕು. "ಒಂದೇ ಹೋದ್ರೆ ನೇಣು, ಮೂರು ಹೋದ್ರೆ ಚೀಲ" ಅಂತ ಬಂದವರ ಕುತ್ತಿಗೆಗೆ ಬೆರಳು ಹಾಕಿ ನಗಿಸ್ತಿದ್ದ. ಮದುವೆಯಾದ ಹೊಸದರಲ್ಲಿ ಅಮ್ಮನಿಗೆ ಅವನು ಕಲಿಸಿದ ಮೊದಲನೇ ಪಾಠಾನೂ ಅದೇ ಅಂತೆ. ಅಮ್ಮ ಇದನ್ನ ಹೇಳುವಾಗೆಲ್ಲ ಕೆಂಪಾಗ್ತಾಳೆ, ಹಾಗಾಗಿ ನಾವು ಹೆಚ್ಚು ಕೇಳಲ್ಲ.

ಅಪ್ಪನ ಹೊಟ್ಟೆಯಲ್ಲಿ ಗೆಡ್ಡೆ ಇದೆ ಅಂತ ಗೊತ್ತಾದಾಗ ಕ್ಯಾನ್ಸರ್ ಅಂತ ಅದರ ಹೆಸರನ್ನ ನಾನು, ತಮ್ಮ ಬಾಯಿಬಿಟ್ಟು ಹೇಳಿದ್ವಿ. ಅಮ್ಮ ಹೇಳಲಿಲ್ಲ. ಅವಳ ಬಾಯಲ್ಲಿ ಅದು ಕೊನೇವರೆಗೂ "ಹೊಟ್ಟೆ ತೊಂದರೆ". ಮೂರು ವಾರಕ್ಕೊಂದರಂತೆ ಆರು ಡ್ರಿಪ್ಪು, ಆಮೇಲೆ ನೋಡೋಣ ಅಂದಿದ್ರು ಡಾಕ್ಟ್ರಮ್ಮ. ಎರಡನೇದು ಆದ ನಾಲ್ಕನೇ ದಿನ ಅಪ್ಪ ಹಠ ಹಿಡಿದು ಅಂಗಡಿಗೆ ಬಂದ. ಬರುವಾಗ ಗಿರಾಕಿಗಳಿಗೆ ಅಂತ ಇಟ್ಟಿದ್ದ ಆಳೆತ್ತರದ ಕನ್ನಡಿ ಮುಂದೆ ಹಾದು ಹೋಗಬೇಕಲ್ಲ, ಅಲ್ಲೇ ನಿಂತುಬಿಟ್ಟ. ಭುಜದ ಹೊಲಿಗೆ ತೋಳಿಗೆ ಜಾರಿತ್ತು. ಕಾಲರು ಕುತ್ತಿಗೆ ಮುಟ್ತಾನೇ ಇರಲಿಲ್ಲ. ಬೇರೆ ಯಾವನೋ ದರ್ಜಿ ಕೆಡಿಸಿದ ಕೆಲಸ ನೋಡೋ ಹಾಗೆ ಮೇಲಿಂದ ಕೆಳಗೆ ತನ್ನನ್ನೇ ನೋಡಿಕೊಂಡ. ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದ.

ಎರಡು ದಿನ ಒಂದು ತುತ್ತು ತಿನ್ನಲಿಲ್ಲ. "ಏನಾಯ್ತು ರೀ, ಏನಾಯ್ತು" ಅಂತ ಅಮ್ಮ ತಟ್ಟೆ ಹಿಡ್ಕೊಂಡು ಸುತ್ತಿದ್ದೇ ಸುತ್ತಿದ್ದು. ಏನಾಯ್ತು ಅಂತ ನನಗೆ ಗೊತ್ತಿತ್ತು. ಮೂರನೇ ದಿನ ಮಧ್ಯಾಹ್ನ ಅವನು ನಿದ್ದೆ ಮಾಡ್ತಿದ್ದಾಗ ಅವನ ಏಳು ಅಂಗಿಗಳನ್ನ ತಂದು ಮಿಷನ್ನಿನ ಮುಂದೆ ಕೂತೆ. ಪಕ್ಕ ಹಿಡಿದೆ, ತೋಳು ಹಿಡಿದೆ, ಭುಜ ಏರಿಸಿದೆ. ಕಾಲರ್ ಬಿಚ್ಚಿ ಹಿಂದುಗಡೆ ನಡುವೆ ಒಂದು ಮಡಿಕೆ ಕೊಟ್ಟು ಗಿಡ್ಡ ಮಾಡಿ ಮತ್ತೆ ಕೂರಿಸಿದೆ. ಗುಂಡಿಗಳನ್ನ ಮಾತ್ರ ಮುಟ್ಟಲಿಲ್ಲ. ಅಮ್ಮ ಹಾಕಿದ ಗುಂಡಿ ಅಮ್ಮನ ಕೈಗೆ ಗುರುತು ಸಿಗುತ್ತೆ.

ಇನ್ನೊಂದು ಕೆಲಸ ಮಾಡಿದೆ, ಅಥವಾ ಮಾಡಲಿಲ್ಲ ಅನ್ನಬೇಕು. ಹಿಡಿದ ಮೇಲೆ ಒಳಗೆ ಉಳಿಯೋ ಬಟ್ಟೆಯನ್ನ ಕತ್ತರಿಸಿ ಅಂಚು ಕಟ್ಟೋದು ಕ್ರಮ. ನಾನು ಕತ್ತರಿಸಲಿಲ್ಲ. ಮಡಚಿ ಒಳಗೇ ಇಟ್ಟು ಹೊಲಿದೆ. ಅಪ್ಪ ಹುಷಾರಾಗಿ ಮೈ ತುಂಬಿಕೊಂಡ ಮೇಲೆ ಹೊಲಿಗೆ ಬಿಚ್ಚಿದ್ರೆ ಅದೇ ಅಂಗಿ ಮತ್ತೆ ಆಗಬೇಕಲ್ಲ? ಕತ್ತರಿಸಿಬಿಟ್ರೆ, ಇವನು ಇನ್ನು ಮೈ ತುಂಬಿಕೊಳ್ಳಲ್ಲ ಅಂತ ನಾನೇ ಬರೆದುಕೊಟ್ಟ ಹಾಗೆ. ನಾನು ದೇವರು ದಿಂಡರು ಅಂತ ಕೈ ಮುಗಿಯೋಳಲ್ಲ. ಆದ್ರೆ ಕತ್ತರಿ ಎತ್ತೋಕೆ ಧೈರ್ಯ ಬರಲಿಲ್ಲ.

ಮಾರನೇ ಬೆಳಿಗ್ಗೆ ಅಮ್ಮ ಅವನ ಮೈಮೇಲಿನ ಅಂಗಿಗೆ ಗುಂಡಿ ಹಾಕಿದಳು. ಡ್ರಿಪ್ಪಿನಿಂದ ಬೆರಳ ತುದಿ ಜೋಮು ಹಿಡಿದು ಅಪ್ಪನಿಗೆ ಗುಂಡಿ ಹಾಕ್ಕೊಳ್ಳೋಕೆ ಆಗ್ತಿರಲಿಲ್ಲ, ಆ ಕೆಲಸ ಅವಳದಾಗಿತ್ತು. ಮೇಲಿನ ಗುಂಡಿ ಹಾಕಿ, ಅಭ್ಯಾಸ ನೋಡಿ, ಎರಡು ಬೆರಳು ತೂರಿಸಿದಳು. ಬೆರಳು ಅಲ್ಲೇ ನಿಂತವು.

"ರೀ! ಎರಡೇ ಬೆರಳು ರೀ!" ಅಂತ ಕಿರುಚಿಬಿಟ್ಟಳು. "ಮೊನ್ನೆ ಕೈಯೆಲ್ಲಾ ಹೋಗ್ತಿತ್ತು. ಏ, ಬಾರೇ ಇಲ್ಲಿ, ನೋಡೇ ನಿಮ್ಮಪ್ಪನ್ನ! ಮೈ ಹಿಡೀತಿದೆ ಕಣೇ!"

ನಾನು ಅಪ್ಪನ ಸಮಾಧಾನಕ್ಕೆ ಅಂತ ಮಾಡಿದ್ದು. ಬುಟ್ಟಿಗೆ ಬಿದ್ದಿದ್ದು ಅಮ್ಮ. ಬಾಯಿಗೆ ಬಂದ ಮಾತನ್ನ ಹಾಗೇ ನುಂಗಿಕೊಂಡೆ, ಏನು ಮಾಡ್ಲಿ! ಎರಡು ವಾರದಿಂದ ನಗು ಮರೆತಿದ್ದ ಹೆಂಗಸು ನನ್ನ ಎದುರಿಗೆ ಹುಡುಗಿ ಥರ ಕುಣೀತಿದ್ದಾಳೆ. ಅಪ್ಪ ಪಕ್ಕದ ಹೊಲಿಗೆ ಮೇಲೆ ಒಂದು ಸಲ ಹೆಬ್ಬೆರಳು ಆಡಿಸಿದ. ಆಮೇಲೆ ಅಮ್ಮನ ಮುಖ ನೋಡಿದ. "ಹಾಲು, ಬ್ರೆಡ್ಡು ಇದ್ರೆ ಕೊಡೇ, ತಿಂತೀನಿ" ಅಂದ.

ಅಮ್ಮನಿಗೆ ಕಣ್ಣು ಇರಲಿಲ್ವಾ ಅಂತ ನೀವು ಕೇಳ್ತೀರಿ. ಇರಲಿಲ್ಲ ಅಂತಲೇ ಇಟ್ಕೊಳ್ಳಿ. ಎರಡೂ ಕಣ್ಣಿಗೆ ಪೊರೆ ಬಂದು ಕಾಜಾನೂ ಕೈ ಅಂದಾಜಿನಲ್ಲೇ ತೆಗೀತಿದ್ದಳು. ಆಪರೇಷನ್ ಮಾಡಿಸ್ಕೋ ಅಂದ್ರೆ "ಇವರು ಹುಷಾರಾಗಲಿ, ಆಮೇಲೆ" ಅಂತಿದ್ದಳು. ಅಪ್ಪನಿಗೆ ಸ್ನಾನ ಮಾಡಿಸೋದು, ಅಂಗಿಗೆ ತೋಳು ತೂರಿಸೋದು ತಮ್ಮ; ಅಮ್ಮನ ಪಾಲಿಗೆ ಬರೀ ಗುಂಡಿ. ಬರಿಮೈಯಲ್ಲಿ ಹೆಂಡತಿ ಕಣ್ಣಿಗೆ ಬೀಳೋಕೆ ಅಪ್ಪನಿಗೆ ನಾಚಿಕೆ. ಕೆನ್ನೆ ಒಳಕ್ಕೆ ಹೋಗಿದ್ದು ಅವಳಿಗೂ ಮಸುಕಾಗಿ ಕಾಣ್ತಿತ್ತು, ಆದ್ರೆ "ಅದು ಔಷಧಿ ಉಷ್ಣ, ಮುಖ ಒಣಗಿಸುತ್ತೆ, ಮೈ ನೆಟ್ಟಗಿದೆ" ಅಂತ ಅದಕ್ಕೊಂದು ಉತ್ತರ ಸಿದ್ಧ ಇಟ್ಟಿದ್ದಳು. ನಂಬಬೇಕು ಅಂತ ಕೂತವರಿಗೆ ಉತ್ತರಕ್ಕೇನು ಬರ?

ಆಸ್ಪತ್ರೆಯಲ್ಲಿ ಪ್ರತಿ ಸಲ ತೂಕ ನೋಡ್ತಾರಲ್ಲ, ಆ ಯಂತ್ರದ ಜೊತೆ ಅಮ್ಮನಿಗೆ ಆಜನ್ಮ ವೈರ ಹುಟ್ಟಿತು. ಅರವತ್ತೊಂದು ಇದ್ದಿದ್ದು ಐವತ್ತೈದು ಅಂತ ತೋರಿಸಿತು. "ನೆಲ ಓರೆ ಇದೆ, ಯಂತ್ರ ಹೇಗೆ ಸರಿ ಹೇಳುತ್ತೆ?" ಅಂತ ನರ್ಸಮ್ಮನ ಮೇಲೇ ಹರಿಹಾಯ್ದಳು. ಐವತ್ತೊಂದು ತೋರಿಸಿದಾಗ, "ಹೋದ ಸಲ ಚಪ್ಪಲಿ ಹಾಕ್ಕೊಂಡು ಹತ್ತಿದ್ರು, ಈ ಸಲ ಬಿಟ್ಟು ಹತ್ತಿದಾರೆ." ಚಪ್ಪಲಿ ನಾಲ್ಕು ಕಿಲೋನಾ ಅಮ್ಮಾ ಅಂತ ತಮ್ಮ ಕೇಳಿದ್ದಕ್ಕೆ ಮೂರು ದಿನ ಅವನ ಹತ್ತಿರ ಮಾತು ಬಿಟ್ಟಳು.

ದೇವರ ಹತ್ತಿರ ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ತಕ್ಷಣ ಹೊಸ್ತಿಲ ಮೇಲೆ ನಿಂತು, ಬಟ್ಟೆ ವ್ಯಾಪಾರಿ ಹತ್ತಿರ ಮಾತಾಡೋ ಥರಾನೇ ಶುರು ಮಾಡ್ತಿದ್ದಳು. "ನೋಡಪ್ಪಾ, ಒಪ್ಕೊಂಡ ದಿನಕ್ಕೆ ಕೊಡಬೇಕು. ಆರನೇ ಡ್ರಿಪ್ಪು ಆಗ್ತಿದ್ದ ಹಾಗೆ ನನ್ನ ಮನುಷ್ಯ ಕತ್ತರಿ ಹಿಡ್ಕೊಂಡು ಈ ಮೇಜಿನ ಮುಂದೆ ನಿಂತಿರಬೇಕು. ನಾವು ಯಾರಿಗೂ ದಿನ ತಪ್ಪಿಸಿಲ್ಲ, ನೀನೂ ತಪ್ಪಿಸಬೇಡ." ಹೀಗೆ ಕರಾರು ಮಾಡ್ಕೊಂಡು ದಿನವೆಲ್ಲಾ ದುಡೀತಿದ್ದಳು. ಅಪ್ಪ ಇಲ್ಲದ ಕೆಲಸವನ್ನ ಇಬ್ಬರೇ ಎಳೀಬೇಕಿತ್ತಲ್ಲ. ಒಳಗಿಂದ ಅಪ್ಪ ಆಗಾಗ ಕರೀತಿದ್ದ: "ಏನೇ, ಇಲ್ಲಿ ಬಂದು ಸ್ವಲ್ಪ ಕೂತ್ಕೋ." ಅಮ್ಮ ತಲೆ ಎತ್ತದೆ "ಬಂದೆ ಇರಿ, ಇದೊಂದು ಕಾಜಾ" ಅಂತಿದ್ದಳು. ಆ ಕಾಜಾ ಯಾವತ್ತೂ ಒಂದೇ ಆಗಿರ್ತಿರಲಿಲ್ಲ.

ಮೂರನೇ ಡ್ರಿಪ್ಪಾದ ಮೇಲೆ ಮತ್ತೆ ಹಿಡಿದೆ. ನಾಲ್ಕನೇದಾದ ಮೇಲೆ ಇನ್ನೊಂದು ಸಲ. ಮೂರನೇ ಸಲ ಹಿಡಿಯುವಾಗ ಜೇಬು ಕಂಕುಳಿಗೆ ಹೋಗಿ ಕೂತಿತು, ಅದನ್ನ ಬಿಚ್ಚಿ ನಡುವೆ ತಂದು ಹೊಲಿದೆ. ಪ್ರತಿ ಸಲ ಉಳಿದ ಬಟ್ಟೆ ಒಳಗೇ. ಮಡಿಕೆ ಮೇಲೆ ಮಡಿಕೆ ಕೂತು ಪಕ್ಕದ ಹೊಲಿಗೆ ಹಗ್ಗದಷ್ಟು ದಪ್ಪ ಆಗಿತ್ತು. ಹೊರಗಡೆಯಿಂದ ನೋಡಿದ್ರೆ ಎಂಥಾ ನೀಟು! ನನ್ನ ಕೆಲಸಕ್ಕೆ ನಾನೇ ಬೆನ್ನು ತಟ್ಟಿಕೊಂಡೆ, ಮುಟ್ಠಾಳಿ.

ಆಮೇಲೆ ಒಂದು ಸೋಮವಾರ ಡಾಕ್ಟ್ರಮ್ಮ ನನ್ನನ್ನೂ ತಮ್ಮನನ್ನೂ ಒಳಗೆ ಕರೆದು ಕೂರಿಸಿದ್ರು. ಸ್ಕ್ಯಾನಿನ ಚಿತ್ರ ತೋರಿಸಲಿಲ್ಲ, ಲಕೋಟೆ ಮೇಲೇ ಕೈ ಇಟ್ಕೊಂಡು ಮಾತಾಡಿದ್ರು. ಔಷಧಿ ಕೆಲಸ ಮಾಡಿಲ್ಲ. ಗೆಡ್ಡೆ ಯಕೃತ್ತಿಗೂ ಹರಡಿದೆ. ಇದಕ್ಕಿಂತ ಜೋರಿನದ್ದು ಇನ್ನೊಂದಿದೆ, ಮನೆಯವರು ಬೇಕೇ ಬೇಕು ಅಂದ್ರೆ ಶುಕ್ರವಾರ ಶುರು ಮಾಡಬಹುದು. "ಆದ್ರೆ ನನ್ನಪ್ಪನಾಗಿದ್ರೆ ನಾನು ಮಾಡಿಸ್ತಿರಲಿಲ್ಲ. ಮನೆಗೆ ಕರ್ಕೊಂಡು ಹೋಗಿ. ನೋವಿಗೆ ಔಷಧಿ ಕೊಡ್ತೀನಿ" ಅಂದ್ರು. ತಮ್ಮ ಡ್ರೈವರ್ ಟೋಪಿಯನ್ನ ಕೈಯಲ್ಲಿ ತಿರುಗಿಸ್ತಾ ಕೂತಿದ್ದ. ಎಷ್ಟು ದಿನ ಅಂತ ಕೇಳಿದ್ದು ನಾನೇ. ವಾರಗಳ ಲೆಕ್ಕದಲ್ಲಿ ಹೇಳಿದ್ರು, ತಿಂಗಳ ಲೆಕ್ಕದಲ್ಲಲ್ಲ.

ಅಪ್ಪನಿಗೆ ನಾವು ಹೇಳೋ ಮೊದಲೇ ಅರ್ಥ ಆಗಿತ್ತು. ಅವತ್ತು ಸಂಜೆ ನಾನೊಬ್ಬಳೇ ಇದ್ದಾಗ ಕೈ ಸನ್ನೆ ಮಾಡಿ ಹತ್ತಿರ ಕರೆದ.

"ಸಾಕು ಕಣಮ್ಮಾ" ಅಂದ. "ಆ ಡ್ರಿಪ್ಪು ಇಳಿಯುವಾಗ ಮೈಯೊಳಗೆ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗಾಗುತ್ತೆ. ಇನ್ನೊಂದು ಸಲ ಆಗಲ್ಲ ನನ್ನ ಕೈಲಿ. ನಿಮ್ಮಮ್ಮನ್ನ ಒಪ್ಪಿಸು."

ನಮ್ಮಪ್ಪ ಬೇಡಿಕೊಳ್ಳೋ ಜನವಲ್ಲ. ನೇರ ಅಮ್ಮನ ಹತ್ತಿರ ಹೋಗಿ ಡಾಕ್ಟ್ರಮ್ಮ ಹೇಳಿದ್ದನ್ನ ಒಂದೂ ಬಿಡದೆ ಹೇಳಿದೆ. ಅಮ್ಮ ಗುಂಡಿಗೆ ದಾರ ಸುತ್ತುತ್ತಾ ಎಲ್ಲಾ ಕೇಳಿಸಿಕೊಂಡಳು, ಹಲ್ಲಿನಲ್ಲಿ ದಾರ ಕಡಿದಳು.

"ಆ ಡಾಕ್ಟ್ರು ಒಂದು ದಿನವಾದ್ರೂ ಅವರ ಕಾಲರಿಗೆ ಬೆರಳು ಹಾಕಿ ನೋಡಿದಾಳಾ?"

"ಅಮ್ಮಾ, ಸ್ಕ್ಯಾನಿನಲ್ಲಿ ಕಾಣುತ್ತೆ."

"ಏನು ಕಾಣುತ್ತೆ? ಕಾಯಿಲೆಗೆ ಕರಗೋ ಮನುಷ್ಯ ಹೀಗಿರ್ತಾನಾ? ಎರಡು ತಿಂಗಳಲ್ಲಿ ಒಂದು ನೂಲಿನಷ್ಟು ಇಳಿದಿಲ್ಲ! ದಿನಾ ಬೆಳಿಗ್ಗೆ ನೋಡ್ತೀನಿ ನಾನು. ಯಾರನ್ನ ನಂಬಲಿ ಹೇಳು, ಮೊನ್ನೆ ಕಂಡ ಆ ಹುಡುಗೀನಾ, ಮೂವತ್ತೈದು ವರ್ಷದ ಈ ಎರಡು ಬೆರಳನ್ನಾ?" ಬೆರಳು ಎತ್ತಿ ನನ್ನ ಮುಖಕ್ಕೇ ಹಿಡಿದಳು. ಸೂಜಿ ಚುಚ್ಚಿ ಚುಚ್ಚಿ ತುದಿ ಗಟ್ಟಿಯಾಗಿದ್ದ ಬೆರಳು. "ಶುಕ್ರವಾರ ಹೋಗೋದು. ಜೋರಿನದ್ದೇ ಹಾಕಲಿ. ತಡ್ಕೋತಾರೆ. ತಡ್ಕೊಳ್ಳೋ ಮೈ ಅದು."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಹೊರಗೆ ಬಂದಿದ್ದು ಮಾತ್ರ "ನಿನಗೆ ಹೇಳಿ ಪ್ರಯೋಜನ ಇಲ್ಲ, ಕಲ್ಲಿಗೆ ಹೇಳಿದ ಹಾಗೆ" ಅನ್ನೋ ಕೋಪ. ನನ್ನ ತಪ್ಪಿಗೆ ಅವಳ ಮೇಲೇ ರೇಗಿ ಪರದೆ ಕಿತ್ತು ಬರೋ ಹಾಗೆ ಎಳೆದು ಹೋದೆ. ಹೇಡಿಗಳಿಗೆ ಸಿಟ್ಟು ಬೇಗ ಬರುತ್ತೆ.

ಬುಧವಾರ ತಮ್ಮ ಅಪ್ಪನಿಗೆ ಸ್ನಾನ ಮಾಡಿಸಿ ಹೊರಗೆ ಬಂದವನೇ ನನ್ನ ರಟ್ಟೆ ಹಿಡಿದು ಎಳೆದ. "ಅಕ್ಕಾ, ಅಪ್ಪನ ಮೈಮೇಲೆ ಏನೋ ಆಗಿದೆ. ಹೋದ ವಾರ ಬರೀ ಗೆರೆ ಇತ್ತು, ಉಜ್ಜಿದ್ದಕ್ಕಾಗಿದೆ ಅನ್ಕೊಂಡೆ. ಬಾ ನೋಡು." ಅಪ್ಪ ಟವಲು ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಎರಡು ತಿಂಗಳಾದ ಮೇಲೆ ಅವನ ಬರಿಮೈ ನೋಡಿದ್ದು ಅವತ್ತೇ. ಪಕ್ಕೆಲುಬಿನ ಮೇಲೆ, ಕಂಕುಳಿಂದ ಸೊಂಟದವರೆಗೆ, ಎರಡೂ ಕಡೆ ಕೆಂಪು ಗೆರೆ. ಎಡಗಡೆ ಮೂರು ಕಡೆ ಚರ್ಮ ಕಿತ್ತು ಹಸಿಯಾಗಿತ್ತು. ಕುತ್ತಿಗೆ ಹಿಂದಿನ ಮೂಳೆ ಮೇಲೂ ಬಿಲ್ಲೆಯಷ್ಟು ಹುಣ್ಣು. ಎಲ್ಲಾ ಗೆರೆಗಳೂ ನೆಟ್ಟಗಿದ್ದವು. ಟೇಪಿಟ್ಟು ಎಳೆದಷ್ಟು ನೆಟ್ಟಗೆ.

ತಮ್ಮನಿಗೆ ಅದು ಏನು ಅಂತ ಗೊತ್ತಾಗಲಿಲ್ಲ. ನನಗೆ ಗೊತ್ತಾಯ್ತು. ಅವನು ಹುಷಾರಾಗ್ತಾನೆ ಅಂತ ನಾನು ಕತ್ತರಿಸದೆ ಒಳಗೆ ಮಡಚಿಟ್ಟ ಬಟ್ಟೆ ಅದು. ಮಾಂಸ ಇದ್ದ ಮೈಗೆ ತಿಳೀತಿರಲಿಲ್ಲ, ಬರೀ ಮೂಳೆಯ ಮೇಲೆ ಹಗಲೂ ಇರುಳೂ ಉಜ್ಜಿದೆ. ಅವನು ಮಗ್ಗುಲು ತಿರುಗಿದಾಗೆಲ್ಲ ಉಜ್ಜಿದೆ. ನಾನು ಅಲ್ಲೇ ಬಚ್ಚಲ ಬಾಗಿಲಲ್ಲಿ ಕುಕ್ಕರಿಸಿ ಕೂತೆ. ತಮ್ಮನನ್ನ ಮುಲಾಮು ತರೋಕೆ ಕಳಿಸಿದೆ.

"ಅಪ್ಪಾ, ಚುಚ್ಚುತ್ತೆ ಅಂತ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬಿಚ್ಚಿಬಿಡ್ತಿದ್ದೆ."

ಅವನ ತುಟಿಯ ಒಂದು ಕಡೆ ಹಳೇ ನಗು ಬಂತು.

"ಹೊಲಿಗೆ ಶುರು ಮಾಡುವಾಗ ಬಿಚ್ಚದಿರಲಿ ಅಂತ ನೀನು ಎರಡು ಸಲ ಹಿಂದಕ್ಕೆ ಹೊಡೀತೀಯ. ಒಂದು ಸಾಕು ಅಂತ ಹದಿನೈದು ವರ್ಷದಿಂದ ಬಡ್ಕೊಂಡಿದ್ದೀನಿ. ಮೊದಲನೇ ದಿನಾನೇ ಗೊತ್ತಾಯ್ತು." ಉಸಿರು ತಗೊಂಡ. "ಬೆರಳು ಹಾಕಿದಾಗ ಅವಳ ಮುಖ ನೋಡಿದ್ದೀಯಲ್ಲ. ಆ ಮುಖಕ್ಕೆ ಅಂತ ಇನ್ನೆರಡು ಡ್ರಿಪ್ಪಿಗೆ ಕೈ ಒಡ್ಡಿದೆ. ಐದನೇದಕ್ಕೆ ಶಕ್ತಿ ಇಲ್ಲ ಕಣಮ್ಮಾ. ನಾನು ಬೇಡ ಅಂದ್ರೆ ಪುಕ್ಕಲ ಅಂತಾಳೆ. ನೀನು ಹೇಳಿದ್ರೆ ಕೇಳಲ್ಲ. ಅವಳು ಬೆರಳಿನ ಮಾತು ಬಿಟ್ಟು ಬೇರೆ ಯಾವ ಮಾತೂ ಕೇಳಲ್ಲ."

"ಏನು ಮಾಡ್ಲಿ ಹಾಗಾದ್ರೆ?"

"ನೀನೇ ಹಿಡಿದಿದ್ದು. ನೀನೇ ಬಿಚ್ಚು."

ಗುರುವಾರ ಅಮ್ಮ ಆಸ್ಪತ್ರೆಗೆ ಬೇಕಾದ ಕಾಗದ ಪತ್ರ ಜೋಡಿಸಿ, ಫ್ಲಾಸ್ಕು ತೊಳೆದು, ಚೀಲ ತುಂಬಿಸ್ತಿದ್ದಳು. ನಾನು ಪರದೆ ಈಚೆ ಕೂತು ಒಂದು ಅಂಗಿಯನ್ನ ಬಿಚ್ಚಿದೆ. ಶುಕ್ರವಾರಕ್ಕೆ ಅಂತ ಅಮ್ಮ ಇಸ್ತ್ರಿ ಮಾಡಿ ತೆಗೆದಿಟ್ಟಿದ್ದ ತಿಳಿನೀಲಿ ಅಂಗಿ. ಮೂರು ಸಾಲು ಹೊಲಿಗೆ, ಒಂದರ ಪಕ್ಕ ಒಂದು. ಎರಡೆರಡು ಸಲ ಹಿಂದಕ್ಕೆ ಹೊಡೆದ ಗಂಟುಗಳು ಬಿಡಿಸೋಕೆ ಬರದೆ ಉಗುರು ಮುರೀತು. ಒಳಗಿದ್ದ ಬಟ್ಟೆ ಹೊರಗೆ ಬಂದಾಗ ಎರಡು ತಿಂಗಳು ಬಿಸಿಲು ಕಾಣದ ನೀಲಿ ಸ್ವಲ್ಪ ಗಾಢವಾಗಿತ್ತು. ಪಕ್ಕಕ್ಕೆ ಎರಡೆರಡು ಇಂಚು. ಅಂಗಿ ಮೊದಲಿನ ಅಳತೆಗೆ ಬಂತು, ಮೂವತ್ತೆಂಟರ ಎದೆ. ಕಾಲರಿನ ಮಡಿಕೆಯನ್ನೂ ಬಿಚ್ಚಿ ಕೂರಿಸಿ, ಇಸ್ತ್ರಿ ಹಾಕಿ, ಇದ್ದ ಜಾಗದಲ್ಲೇ ಇಟ್ಟೆ.

ಶುಕ್ರವಾರ ಎಂಟು ಗಂಟೆಗೆ ಅಪ್ಪನಿಗೆ ಅಂಗಿ ತೋಳು ತೂರಿಸಿ, ತಮ್ಮ ಹೋಗಿ ಟ್ಯಾಕ್ಸಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಅಮ್ಮ ಅಪ್ಪನನ್ನ ಮಂಚದ ಅಂಚಿಗೆ ಕೂರಿಸಿದಳು. ಬಾಯಿ ಸುಮ್ಮನಿರಲಿಲ್ಲ. "ಇವತ್ತೊಂದು ದಿನ ಗಟ್ಟಿ ಮನಸ್ಸು ಮಾಡಿ. ಸಂಜೆ ಹೊತ್ತಿಗೆ ಬಂದುಬಿಡ್ತೀವಿ. ಮುಖ ಯಾಕೆ ಹಾಗೆ ಇಟ್ಕೊಂಡಿದ್ದೀರಿ, ಸ್ಕೂಲಿಗೆ ಹೋಗೋ ಹುಡುಗರ ಥರ?" ಕೆಳಗಿನಿಂದ ಒಂದೊಂದೇ ಗುಂಡಿ ಹಾಕ್ಕೊಂಡು ಬಂದಳು. ಮೇಲಿನದನ್ನೂ ಹಾಕಿದಳು. ಎರಡು ಬೆರಳು ತೂರಿಸಿದಳು.

ಬೆರಳು ಎಲ್ಲೂ ನಿಲ್ಲಲಿಲ್ಲ. ಮೂರನೇದು ಹೋಯ್ತು, ನಾಲ್ಕನೇದು ಹೋಯ್ತು, ಅಂಗೈ ಹೋಯ್ತು. ಅಂಗಿಯೊಳಗಿಂದ ಅವಳ ಕೈ ಅಪ್ಪನ ಕಾಲರ್ ಮೂಳೆಯ ಗುಳಿಗೆ ತಾಗಿತು.

"ಇದ್ಯಾರ ಅಂಗಿ?" ಅಂದಳು. "ಏ, ಗಿರಾಕಿದು ಯಾವುದೋ ಸೇರಿಹೋಗಿದೆ ಕಣೇ. ನೋಡು ಸ್ವಲ್ಪ."

"ಅಪ್ಪನದ್ದೇ ಅಮ್ಮಾ."

"ಅಲ್ಲ ಕಣೇ, ಇದು..." ಗುಂಡಿಗೆ ಕೈ ಹಾಕಿದಳು. ತಾನೇ ಹಾಕಿದ ಗುಂಡಿ, ತನ್ನದೇ ನಾಲ್ಕು ಸುತ್ತಿನ ಗಂಟು. ಬೆರಳಿಗೆ ಗುರುತು ಸಿಕ್ಕಿಬಿಡ್ತು.

"ನಾನು ಹಿಡಿದಿದ್ದೆ ಅಮ್ಮಾ. ಮೂರು ಸಲ. ಎಲ್ಲಾ ಅಂಗೀನೂ. ಎರಡನೇ ಡ್ರಿಪ್ಪಿನಿಂದ ಇಳೀತಾನೇ ಇದಾನೆ ಅಪ್ಪ. ಆಸ್ಪತ್ರೆ ಯಂತ್ರ ಸರಿಯಾಗೇ ಹೇಳ್ತಿತ್ತು. ಹೋದ ಸಲ ನಲವತ್ತೇಳಿತ್ತು." ಎಲ್ಲಾ ಒಂದೇ ಉಸಿರಿಗೆ ಹೇಳಿದೆ. ನಿಂತಿದ್ರೆ ಮುಂದಕ್ಕೆ ಹೋಗ್ತಿರಲಿಲ್ಲ.

ಅಮ್ಮ ನನ್ನ ಕಡೆ ತಿರುಗಲಿಲ್ಲ. ಮೇಲಿನ ಗುಂಡಿ ಬಿಚ್ಚಿದಳು, ಕೆಳಗಿನದು ಬಿಚ್ಚಿದಳು, ಎಲ್ಲಾ ಬಿಚ್ಚಿದಳು. ಅಪ್ಪ ಅಂಗಿ ಎಳೆದುಕೊಳ್ಳೋಕೆ ನೋಡಿದ. ಅವಳು ಅವನ ಕೈ ಸರಿಸಿ ಅಂಗಿ ತೆಗೆದುಹಾಕಿದಳು. ಪೊರೆ ಬಂದ ಕಣ್ಣನ್ನ ಅವನ ಎದೆ ಹತ್ತಿರ ತಂದು, ಒಂದೊಂದು ಪಕ್ಕೆಲುಬಿನ ಮೇಲೂ ಬೆರಳಿಟ್ಟು ನೋಡಿದಳು. ಹುಣ್ಣಿನ ಗೆರೆಗೆ ಬೆರಳು ತಾಗಿದಾಗ ಅಪ್ಪ ಹಲ್ಲು ಕಚ್ಚಿದ. "ಇದೇನು?" ಅಂತ ಕೇಳಿದಳು. ಅದನ್ನೂ ಹೇಳಿದೆ.

ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಅಮ್ಮ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದಳು. ಮೂವತ್ತೆರಡು ವರ್ಷದವಳು ನಾನು, ಬುದ್ಧಿ ಬಂದ ಮೇಲೆ ಅವಳು ನನ್ನ ಮೇಲೆ ಕೈ ಮಾಡಿರಲಿಲ್ಲ.

"ನಾನು ಈ ಎರಡು ತಿಂಗಳು ಏನು ಮಾಡಿದೆ ಗೊತ್ತೇನೇ ನಿನಗೆ?" ಅಂದಳು. "ಅಲ್ಲಿ ಕೂತು ಗುಂಡಿ ಹಾಕಿದೆ! ಹುಷಾರಾಗ್ತಿದಾರಲ್ಲ, ಆಮೇಲೆ ಕೂತು ಮಾತಾಡಿದ್ರಾಯ್ತು ಅಂತ ಕಂಡವರ ಗುಂಡಿ ಹಾಕಿದೆ. ಇವರು ಕರೆದಾಗೆಲ್ಲ ಇದೊಂದು ಕಾಜಾ ಅಂದೆ. ಎಷ್ಟು ಸಲ ಅಂದೆನೇ! ಪಕ್ಕದಲ್ಲಿ ಕೂರೋಕೆ ಕರೀತಿದ್ರು ಇವರು. ಬರೀ ಕೂರೋಕೆ! ನನ್ನ ಆ ಎರಡು ತಿಂಗಳು ಕೊಡೇ. ತಂದು ಕೊಡು ನನಗೆ."

ತಮ್ಮ ಬಾಗಿಲಲ್ಲಿ ಬಂದು ನಿಂತಿದ್ದ. ಅಪ್ಪ ಬರಿಮೈಯಲ್ಲಿ ನಡುಗ್ತಾ "ಬಿಡೇ, ಅವಳನ್ನ ಬೈಬೇಡ. ನನಗೂ ಗೊತ್ತಿತ್ತು" ಅಂದ. ಅಮ್ಮ ಅವನ ಕಡೆ ತಿರುಗಿದಳು. ಅವನಿಗೆ ಹೊಡೆಯೋಕೆ ಆಗಲ್ಲ. ಅವನ ಮುಂದೆ ನೆಲದ ಮೇಲೆ ಕೂತು, ಅವನ ಮಂಡಿಗೆ ಹಣೆ ಒತ್ತಿ, ಬಾಯಿಬಿಟ್ಟು ಅತ್ತಳು. ಅಷ್ಟು ದಿನ ದೇವರಿಗೆ ದಿನ ಗೊತ್ತು ಮಾಡಿಕೊಟ್ಟ ಹೆಂಗಸು. ಆ ಅಳು ಕೇಳಿದ ಮೇಲೆ ನನಗೆ ಯಾವ ದೇವರ ಮೇಲೂ ಕೋಪ ಮಾಡ್ಕೊಳ್ಳೋ ಹಕ್ಕಿಲ್ಲ ಅನ್ನಿಸ್ತು. ಅವಳಿಗೆ ಸುಳ್ಳು ಹೇಳಿದ್ದು ದೇವರಲ್ಲ, ನಾನು.

ಹಾರ್ನ್ ಮತ್ತೆ ಆಯ್ತು. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ತಲೆ ಎತ್ತದೆ, "ಟ್ಯಾಕ್ಸಿಯವನನ್ನ ಕಳಿಸು ಮಗಾ" ಅಂದಳು. ತಮ್ಮ ಹೊರಗೆ ಹೋದ. ಟ್ಯಾಕ್ಸಿ ತಿರುಗಿ ಹೋದ ಸದ್ದು ಕೇಳಿ ಅಪ್ಪ ಕಣ್ಣು ಮುಚ್ಚಿ ದಿಂಬಿಗೆ ಒರಗಿದ. ಅವನ ಮುಖದಲ್ಲಿ ಅಷ್ಟು ನಿರಾಳ ನಾನು ತಿಂಗಳುಗಟ್ಟಲೆ ನೋಡಿರಲಿಲ್ಲ. ಅದನ್ನ ನೋಡಿ ಸಂತೋಷ ಪಡೋ ಹಾಗೂ ಇರಲಿಲ್ಲ.

ಆಮೇಲೆ ಅಮ್ಮ ಎದ್ದು ಅಂಗಡಿಗೆ ಹೋಗಿ ಅಪ್ಪನ ಟೇಪು ತಂದಳು. ಅವನ ಕತ್ತಿಗೆ ಮೂವತ್ತೈದು ವರ್ಷ ಜೋತುಬಿದ್ದಿದ್ದ ಹಳದಿ ಟೇಪು.

"ಬರ್ಕೋ" ಅಂದಳು ನನಗೆ.

ಅಪ್ಪನ ಅಳತೆ ನಮ್ಮ ಪುಸ್ತಕದಲ್ಲಿ ಇರಲಿಲ್ಲ. ದರ್ಜಿ ತನ್ನ ಅಳತೆ ಬರೆದಿಡ್ತಾನಾ? ಹೊಸ ಹಾಳೆ ತೆಗೆದೆ. ಅಮ್ಮ ಅಪ್ಪನ ಕಂಕುಳ ಕೆಳಗಿಂದ ಟೇಪು ತಂದು, ಹುಣ್ಣಿಗೆ ತಾಗದ ಹಾಗೆ ಬೆರಳು ಅಡ್ಡ ಇಟ್ಟು, ಅಂಕಿಯನ್ನ ಕಣ್ಣ ಹತ್ತಿರ ಹಿಡಿದು ಓದಿದಳು. "ಎದೆ, ಮೂವತ್ತು." ಬರೆದೆ. "ಕುತ್ತಿಗೆ, ಹನ್ನೆರಡೂವರೆ." ಬರೆದೆ. ಪ್ರತಿ ಅಂಕಿಗೂ ಅವಳ ದನಿ ಸಣ್ಣಗಾಗ್ತಾ ಹೋಯ್ತು, ಆದ್ರೆ ಒಂದನ್ನೂ ಬಿಡಲಿಲ್ಲ, ಒಂದು ನೂಲೂ ಹೆಚ್ಚು ಹೇಳಲಿಲ್ಲ. ತೋಳು, ಭುಜ, ಮಣಿಕಟ್ಟು. ಮುಗಿದ ಮೇಲೆ ನೀಲಿ ಅಂಗಿಯನ್ನ ಎತ್ತಿ ನನ್ನ ಮಡಿಲಿಗೆ ಹಾಕಿದಳು.

"ಇಲ್ಲೇ ಹಿಡಿ. ನನ್ನ ಮುಂದೆ."

ತಮ್ಮನೂ ನಾನೂ ಮಿಷನ್ನನ್ನ ಎತ್ತಿ ಪರದೆ ದಾಟಿಸಿ ಮಂಚದ ಪಕ್ಕ ತಂದಿಟ್ಟೆವು. ಪಕ್ಕ ಹಿಡಿದೆ. ಅಭ್ಯಾಸ ಬಲದಿಂದ ಮಿಕ್ಕ ಬಟ್ಟೆಯನ್ನ ಮಡಚಿ ಒಳಗೆ ಇಡೋಕೆ ಹೋದೆ. ಅಮ್ಮ ನನ್ನ ಕೈ ಹಿಡಿದಳು.

"ಅದನ್ನ ಕತ್ತರಿಸು."

"ಅಮ್ಮಾ..."

"ಕತ್ತರಿಸೇ. ಚುಚ್ಚುತ್ತೆ ಅವರಿಗೆ."

ಕತ್ತರಿ ತಗೊಂಡೆ. ಅಮ್ಮ ಅಂಗಿಯ ಇನ್ನೊಂದು ತುದಿಯನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದಳು. ಮಂಚದ ಮೇಲಿಂದ ಅಪ್ಪ, ಕಣ್ಣು ಮುಚ್ಚಿಕೊಂಡೇ, "ಅವಸರ ಮಾಡಬೇಡ, ನೆಟ್ಟಗೆ ಹೋಗಲಿ" ಅಂದ. ಕಂಕುಳಿಂದ ಕೆಳಗಿನವರೆಗೆ ಕತ್ತರಿಸಿದೆ. ಬಿದ್ದ ನೀಲಿ ಪಟ್ಟಿಯನ್ನ ಅಮ್ಮ ಹೆಕ್ಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಅಪ್ಪ ಕರೆಯೋ ಮೊದಲೇ ಹೋಗಿ ಅವನ ಪಕ್ಕ ಕೂತಳು.